ಮಾಡಿದ್ದು ಬೇರೆ, ಉಂಡಿದ್ದು ಬೇರೆ

ವನಮಾಲಾ ಮೇಡಂ ಯಾರನ್ನೂ ಚೆನ್ನಾಗಿದ್ದೀರಾ ಎಂದು ಕೇಳಿದವರಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಅವರದು ಒಂದೇ ಪ್ರಶ್ನೆ: "ನಿನ್ನಿ ಏನ್ ಉಂಡ್ರಿ?" ಪ್ರಿನ್ಸಿಪಾಲರಿಗೂ ಅದೇ, ಸಿರುಗುಪ್ಪ ಬಸ್ಸಿನ ಕಂಡಕ್ಟರನಿಗೂ ಅದೇ. ಗಂಡಸರು ಉತ್ತರ ಹೇಳಿ ಪಾರಾಗಬಹುದಿತ್ತು. ಹೆಂಗಸರಾದರೆ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಮತ್ತೆ ಕೇಳುತ್ತಿದ್ದರು: "ಅದು ಮಾಡಿದ್ದು. ನೀವು ಉಂಡಿದ್ದು ಹೇಳ್ರಿ."

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಅವರು ಗೃಹವಿಜ್ಞಾನ ವಿಭಾಗದ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಕಾಯಂ ಆಗಿ ಇದ್ದವರೇ ಅವರೊಬ್ಬರು. ಕೈಕೆಳಗೆ ನಾನು, ಅವರದೇ ಹಳೆಯ ವಿದ್ಯಾರ್ಥಿನಿ, ಅತಿಥಿ ಉಪನ್ಯಾಸಕಿ. ವಿಭಾಗಕ್ಕೆ ಸಿಕ್ಕಿದ್ದು ಹಿಂದಿನ ಕಟ್ಟಡದ ಒಂದು ಉದ್ದನೆಯ ಕೋಣೆ. ಒಂದು ಗೋಡೆಗೆ ಗ್ಯಾಸ್ ಒಲೆ, ಇನ್ನೊಂದಕ್ಕೆ ಹೊಲಿಗೆ ಯಂತ್ರ, ನಡುವಿನ ಮೇಜಿನ ಮೇಲೆ ತಕ್ಕಡಿ, ಗಾಜಿನ ನಳಿಕೆಗಳು. ಹೆಣ್ಣುಮಕ್ಕಳಿಗೆ ಮನೆ ನಡೆಸುವುದನ್ನು ಕಲಿಸಲೆಂದು ಹುಟ್ಟಿದ ವಿಷಯ ಇದು ಎಂದು ಮೇಡಂ ಮೊದಲ ದಿನವೇ ಹೇಳುತ್ತಿದ್ದರು. ಹೊಲಿಗೆ ಬಂತು, ಶಿಶುಪಾಲನೆ ಬಂತು, ರಸಾಯನಶಾಸ್ತ್ರ ಒಳಗೆ ಕಾಲಿಟ್ಟ ಮೇಲೆ ಅಡುಗೆ ಹೋಗಿ ಪೋಷಣೆಯಾಯಿತು. ದೊಡ್ಡ ಊರುಗಳಲ್ಲಿ ಒಂದೊಂದೂ ಬೇರೆ ಹೆಸರು ಇಟ್ಟುಕೊಂಡು, ಬೇರೆ ಪ್ರಯೋಗಾಲಯ ಕಟ್ಟಿಕೊಂಡು ಹೋದವು. "ಮಕ್ಕಳೆಲ್ಲ ಪಾಲು ತಗೊಂಡು ಹೋದ್ರವಾ ಶಬಾನಾ. ನಾನೊಬ್ಬಾಕಿ ಹಳೀ ಮನ್ಯಾಗ ಒಲಿ ಮುಂದ ಕುಂತೀನಿ" ಎನ್ನುವರು.

ವಿಜ್ಞಾನ ವಿಭಾಗಗಳ ಬಾಯಲ್ಲಿ ನಾವು 'ಅಡುಗೆ ಕ್ಲಾಸು'. ಕಾಲೇಜಿಗೆ ಯಾರಾದರೂ ಅತಿಥಿಗಳು ಬಂದರೆ ಜವಾನ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದ, ಉಪ್ಪಿಟ್ಟಿಗೆ. ಮೇಡಂ ಅವನ ಮೇಲೆ ಸಿಟ್ಟಾಗುತ್ತಿರಲಿಲ್ಲ. "ಫಿಸಿಕ್ಸ್‌ನೋರನ್ನ ಫ್ಯಾನ್ ರಿಪೇರಿಗೆ ಕರದೀರೇನು? ಮೊದ್ಲು ಅವರನ್ನ ಕರಿಯಪ್ಪ. ಅವರು ಏಣಿ ಹತ್ತಿದ ದಿನ ನಾ ಉಪ್ಪಿಟ್ಟು ಮಾಡ್ತೀನಿ." ಜವಾನ ನಗುತ್ತಾ ಕ್ಯಾಂಟೀನಿಗೆ ಹೋಗುತ್ತಿದ್ದ.

ನಾನು ಪದವಿಯ ಕೊನೆಯ ವರ್ಷದಲ್ಲಿದ್ದಾಗ ನಮ್ಮೂರು ಸಿರುಗುಪ್ಪದಲ್ಲಿ ಅವರು ಸಮೀಕ್ಷೆ ಮಾಡಿಸಿದರು. ಪುಸ್ತಕದ ಕ್ರಮ ಸರಳ. ನಿನ್ನೆ ಏನು ತಿಂದಿರಿ ಎಂದು ಕೇಳಬೇಕು, ಅದರಲ್ಲಿ ಕಬ್ಬಿಣಾಂಶ ಎಷ್ಟು, ಪ್ರೋಟೀನ್ ಎಷ್ಟು ಎಂದು ಕೂಡಿಸಬೇಕು. ನಮ್ಮ ಲೆಕ್ಕದಲ್ಲಿ ಊರಿನ ಹೆಂಗಸರೆಲ್ಲ ಗಟ್ಟಿಮುಟ್ಟು. ಆಸ್ಪತ್ರೆಯ ರಕ್ತ ಪರೀಕ್ಷೆ ಮಾತ್ರ ಬೇರೆಯೇ ಹೇಳುತ್ತಿತ್ತು. ಗದ್ದೆಯಲ್ಲಿ ನಾಟಿ ಮಾಡುವವರು ಎದ್ದರೆ ತಲೆ ತಿರುಗಿ ಕೂರುತ್ತಿದ್ದರು. ಕೂಡಿಸಿದ್ದು ತಪ್ಪಿರಬೇಕೆಂದು ನಾವು ಮತ್ತೆ ಮತ್ತೆ ಕೂಡಿಸಿದೆವು.

ಆಗ ಮೇಡಂ ನಮ್ಮ ಮನೆಗೇ ಬಂದರು. ಅಪ್ಪನದು ಬಳೆ ಅಂಗಡಿ. ಅದರ ಹಿಂದೆಯೇ ಮನೆ. ಕೇಳಿದ್ದಕ್ಕೆ ಅಮ್ಮ, "ಅನ್ನ, ಬ್ಯಾಳಿ, ಮೊಟ್ಟಿ ಪಲ್ಯ ಉಂಡೀನ್ರಿ" ಎಂದಳು. ಅಂದೂ ಅದೇ ಅಡುಗೆ. ಮೇಡಂ ತಲೆದೂಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಏಕಾದಶಿ ತಪ್ಪಿಸದ ಮಾಧ್ವರ ಮನೆಯ ಹೆಣ್ಣುಮಗಳು ಮೊಟ್ಟೆಯ ವಾಸನೆಯಲ್ಲಿ ಕೂತದ್ದು ನೋಡಿ ಅಪ್ಪನಿಗೆ ಸಂಕೋಚ. ಅಪ್ಪ ಉಂಡ, ತಮ್ಮಂದಿರು ಉಂಡರು, ನಾನೂ ಉಂಡೆ. ಅಮ್ಮ "ಆಮ್ಯಾಲೆ ಉಣ್ತೀನ್ರಿ" ಎನ್ನುತ್ತಾ ಒಲೆ ಒರೆಸಿದಳು, ನೆಲ ಒರೆಸಿದಳು. ಮೇಡಂ ಏಳಲಿಲ್ಲ. ಕೊನೆಗೆ ಅಮ್ಮ ಗೋಡೆಯ ಕಡೆ ಮುಖ ಮಾಡಿ, ತಳದಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಉಂಡಳು. ಬೇಳೆ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. ಅಷ್ಟು ವರ್ಷ ಅದೇ ಮನೆಯಲ್ಲಿದ್ದು ನಾನು ಅದನ್ನು ನೋಡಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮೇಡಂ ಹೇಳಿದರು: "ನಿಮ್ಮವ್ವ ಸುಳ್ಳು ಹೇಳಿಲ್ಲ ನೋಡು. ಮನ್ಯಾಗ ಮಾಡಿದ್ದನ್ನೇ ಉಂಡೀನಿ ಅಂತ ತಿಳ್ಕೊಂಡಾಳ. ತಾನು ಬ್ಯಾರೆ ಉಂಡೀನಿ ಅಂತ ಆಕಿಗೇ ಗೊತ್ತಿಲ್ಲ. ನಮ್ಮ ಪುಸ್ತಕ ಬರದವರು ಎಲ್ಲಾರೂ ಕೂಡಿ ಟೇಬಲ್ಲಿಗೆ ಕುಂತು ಉಣ್ಣೋ ದೇಶದೋರು. ಅವರ ಪ್ರಶ್ನಿ ಅಲ್ಲಿಗೆ ಸರಿ. ಇಲ್ಲಿ ಕೇಳಿದ್ರ ಆಗಂಗಿಲ್ಲ, ಕುಂದ್ರಬೇಕು. ಕಡೀಕ ಉಣ್ಣಾಕಿ ಉಣ್ಣೋ ತನಕ ಕುಂದ್ರಬೇಕು." ಆಮೇಲೆ ತಮ್ಮನ್ನೇ ಗೇಲಿ ಮಾಡಿಕೊಂಡರು: "ಉಂಡ ಮನಿ ಜಂತಿ ಎಣಿಸಬಾರದಂತ. ಜಂತಿ ಬಿಡು, ನಾ ಉಣ್ಣೋರ ಗಂಗಾಳ ಎಣಸ್ತೀನಿ."

ಅಂದಿನಿಂದ ನಮ್ಮ ವಿಭಾಗದ ಪಾಠವೆಲ್ಲ ಆ ಹೊಸ್ತಿಲಿನಿಂದಲೇ ಶುರುವಾಯಿತು. ಹುಡುಗಿಯರು ಊರೂರಿಗೆ ಹೋಗಿ ಕೂತು ಬರುತ್ತಿದ್ದರು. ನಾನು ಅದನ್ನೇ ಪಿಎಚ್.ಡಿ.ಗೆ ಎತ್ತಿಕೊಂಡೆ. ಬೇರೆ ಕಡೆ ವಿಚಾರಿಸಿದರೆ ಪೋಷಣೆಯ ವಿಭಾಗದವರು, ಯಾರು ಮೊದಲು ಯಾರು ಕೊನೆಗೆ ಉಣ್ಣುತ್ತಾರೆಂಬುದು ಸಮಾಜಶಾಸ್ತ್ರ ಎಂದರು. ಸಮಾಜಶಾಸ್ತ್ರದವರು ಕಬ್ಬಿಣಾಂಶ ನಮ್ಮದಲ್ಲ ಎಂದರು. ಅತ್ತ ದರಿ, ಇತ್ತ ಪುಲಿ. ಎರಡಕ್ಕೂ ಜಾಗವಿದ್ದದ್ದು ಗೃಹವಿಜ್ಞಾನದಲ್ಲಿ, ಮಾರ್ಗದರ್ಶನಕ್ಕೆ ಇದ್ದವರು ಮೇಡಂ. ಆ ಕೋಣೆಗೆ ಬೀಗ ಬಿದ್ದರೆ ಅವರ ಇಡೀ ಬಾಳಿನ ಕೆಲಸವೂ ನನ್ನದೂ ನೀರಿನಲ್ಲಿ ಹೋಮ ಮಾಡಿದಂತೆ.

ಬೀಗ ಹತ್ತಿರವೇ ಇತ್ತು. ಸೇರುವವರು ವರ್ಷವರ್ಷ ಕಡಿಮೆಯಾಗಿ, ಈ ಸಲ ತರಗತಿ ತುಂಬದಿದ್ದರೆ ಪದವಿ ಮುಚ್ಚುತ್ತೇವೆಂದು ಆಡಳಿತ ಮಂಡಳಿ ಹೇಳಿತು. ಬೇಸಿಗೆಯ ಬಿಸಿಲಿನಲ್ಲಿ ನಾವಿಬ್ಬರೂ ಹುಡುಗಿಯರನ್ನು ಹುಡುಕಿಕೊಂಡು ಹೊರಟೆವು. ಕುರುಗೋಡಿನಲ್ಲಿ ಒಬ್ಬ ತಂದೆ ನೀರು ಕೊಟ್ಟು, ಕೂರಿಸಿ, ಮರ್ಯಾದೆಯಿಂದಲೇ ಕೇಳಿದರು: "ಅಡಿಗಿ ಕಲಿಯಾಕ ಕಾಲೇಜ್ ಯಾಕ್ರಿ ಮೇಡಂ? ಅದನ್ನ ಅವರವ್ವ ಪುಕ್ಕಟೆ ಕಲಸ್ತಾಳ." ತೆಕ್ಕಲಕೋಟೆಯಲ್ಲೂ ಅದೇ ಮಾತು. ಹಚ್ಚೊಳ್ಳಿಯಲ್ಲಿ ಒಬ್ಬಳು ಬರುತ್ತೇನೆಂದಳು. ಅವಳ ಅಣ್ಣ ಕಾಮರ್ಸ್ ಎಂದ, ಅವಳು ಒಳಗೆ ಹೋದಳು. ಹಿಂದಿರುಗುವಾಗ ಬಸ್ಸು ತಪ್ಪಿ ಟ್ರ್ಯಾಕ್ಟರ್ ಹತ್ತಿದೆವು. ಕಾಲುವೆ ದಾರಿಯ ಧೂಳಿನಲ್ಲಿ ಸೆರಗು ಮುಚ್ಚಿಕೊಂಡು ಮೇಡಂ, "ಗೃಹವಿಜ್ಞಾನ ಅನ್ನೋ ಹೆಸರು ಕೆಟ್ಟಿದ್ದಲ್ಲ ಶಬಾನಾ. ಹೆಂಗಸರ ಕೆಲಸ ಅಂತ ಅಂದ್ರಲ್ಲ, ಅಲ್ಲಿಗೇ ಮುಗೀತು" ಎಂದರು. ಅವರ ದನಿ ಒಡೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ತರಗತಿ ತುಂಬಲಿಲ್ಲ. ಉಳಿದ ಒಂದೇ ಆಸೆ ವಿಶ್ವವಿದ್ಯಾಲಯದಿಂದ ಪರಿಶೀಲನೆಗೆ ಬರುವ ಸಮಿತಿ. ಅವರು ಒಳ್ಳೆಯ ಮಾತು ಬರೆದರೆ ಇನ್ನೊಂದಿಷ್ಟು ಉಸಿರು. ಪ್ರಿನ್ಸಿಪಾಲರು ಮೇಡಂರನ್ನು ಕರೆಸಿ, "ಊಟ ನಿಮ್ ಕಡೆಯಿಂದ್ಲೇ ಆಗ್ಲಿ ಮೇಡಂ. ಅವರು ಖುಷಿ ಆದ್ರೆ ನಿಮಗೇ ಒಳ್ಳೇದು" ಎಂದರು. ನಾನು ಪಕ್ಕದಲ್ಲಿ ನಿಂತು ಏಣಿಯ ಮಾತು ಬರಲೆಂದು ಕಾದೆ. ಮೇಡಂ ನೆಲ ನೋಡುತ್ತಾ, "ಆಗ್ಲಿ ಸರ್" ಎಂದರು.

ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಚಿತ್ರಾನ್ನ. ಕೋಣೆಯ ಗೋಡೆಗಳಿಗೆ ನಮ್ಮ ಕೆಲಸದ ಚಿತ್ರಪಟಗಳನ್ನು ಅಂಟಿಸಿದ್ದೆವು: ಮನೆಯಲ್ಲಿ ಮಾಡಿದ್ದು ಒಂದು ಕಡೆ, ಕೊನೆಯವಳ ಗಂಗಾಳದಲ್ಲಿ ಬಿದ್ದದ್ದು ಇನ್ನೊಂದು ಕಡೆ. ಊಟವಾದ ಮೇಲೆ ಅದನ್ನು ವಿವರಿಸುವುದೆಂದು ಮಾತಾಗಿತ್ತು. ಸಮಿತಿಯವರು ಚಿತ್ರಪಟಗಳಿಗೆ ಬೆನ್ನು ಹಾಕಿ ಕುಳಿತು ಉಂಡರು. ಮೇಡಂ ತುಪ್ಪದ ಗಿಂಡಿ ಹಿಡಿದು, "ಸರ್, ನಮ್ಮ ಸಂಶೋಧನೆ..." ಎಂದು ಶುರು ಮಾಡಿದರೆ ಅಧ್ಯಕ್ಷರು, "ನೋಡೋಣ ನೋಡೋಣ. ಮೊದಲು ಇನ್ನೊಂದು ಹೋಳಿಗೆ ಹಾಕಿ" ಎಂದರು. ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೊರಡುವ ಹೊತ್ತಾಯಿತು. "ಇಂಥ ಕೈ ಇಟ್ಟುಕೊಂಡು ಪದವಿ ಗಿದವಿ ಯಾಕೆ ಮೇಡಂ? ಒಂದು ಅಡುಗೆ ಸರ್ಟಿಫಿಕೇಟ್ ಕೋರ್ಸ್ ಮಾಡಿ, ಜನ ಸಾಲುಗಟ್ಟಿ ನಿಲ್ತಾರೆ" ಎಂದು ಅಧ್ಯಕ್ಷರು ಮನಸಾರೆ ಹೇಳಿ ಕಾರು ಹತ್ತಿದರು.

ಪಾತ್ರೆ ಎತ್ತಲು ಒಳಗೆ ಬಂದೆ. ಮೇಡಂ ಒಲೆಗಳ ಹತ್ತಿರ ಗೋಡೆಯ ಕಡೆ ಮುಖ ಮಾಡಿ ನಿಂತೇ ಇದ್ದರು. ತಳದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಣ್ಣುತ್ತಿದ್ದರು. ಸದ್ದು ಮಾಡದೆ ಹೊರಗೆ ಬಂದೆ.

ಸಮಿತಿ ಹೇಳಿದಂತೆಯೇ ಆಯಿತು. ಪದವಿ ಮುಚ್ಚಿತು, ಆ ಕೋಣೆಯಲ್ಲಿ ಈಗ ಕೇಕು, ಬಿಸ್ಕತ್ತು ಕಲಿಸುತ್ತಾರೆ. ನನಗೆ ಕೆಲಸ ಹೋಯಿತು, ಪಿಎಚ್.ಡಿ. ಅಲ್ಲಿಗೇ ನಿಂತಿತು, ಅಪ್ಪನ ಅಂಗಡಿಯಲ್ಲಿ ಬಳೆ ತೊಡಿಸುತ್ತಾ ಕೂತಿದ್ದೇನೆ. ಮೇಡಂರನ್ನು ಹೆಚ್ಚುವರಿ ಸಿಬ್ಬಂದಿ ಎಂದು ಹುಡುಗಿಯರ ಹಾಸ್ಟೆಲಿನ ಮೆಸ್ಸಿನ ಉಸ್ತುವಾರಿಗೆ ಹಾಕಿದರು. ಈಗ ನಿವೃತ್ತರಾಗಿದ್ದಾರಂತೆ. ಫೋನ್ ಎತ್ತುವುದಿಲ್ಲ. ನಾನು ಕೊನೆಯ ಸಲ ನೋಡಿದ್ದು ಆ ಮೆಸ್ಸಿನಲ್ಲೇ.

ದಾಸ್ತಾನು ಕೋಣೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೊರಗಿದ್ದರು, ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು. "ಬಾರವಾ" ಎಂದರು. ಊರು, ಅಪ್ಪ, ಅಂಗಡಿ ಎಲ್ಲ ವಿಚಾರಿಸಿದರು. ತಮ್ಮ ಪ್ರಶ್ನೆ ಮಾತ್ರ ಕೇಳಲಿಲ್ಲ. ಕಾದು ಕಾದು ನಾನೇ ಕೇಳಿದೆ: "ನಿನ್ನಿ ಏನ್ ಉಂಡ್ರಿ ಮೇಡಂ?"

"ಮುಂಜಾನೆ ಅವಲಕ್ಕಿ. ಮಧ್ಯಾಹ್ನ ಅನ್ನ, ಬ್ಯಾಳಿ ಸಾರು, ಹೀರೆಕಾಯಿ ಪಲ್ಯ. ರಾತ್ರಿ ಚಪಾತಿ, ಕಾಳು ಪಲ್ಯ."

ಮೆಸ್ಸಿನ ಗೋಡೆಯ ಹಲಗೆಯಲ್ಲಿ ನಿನ್ನೆಯ ಅಡುಗೆಯೆಂದು ಅದನ್ನೇ ಬರೆದಿತ್ತು. ನಗಿಸೋಣವೆಂದು ಕನ್ನಡಕ ಇಳಿಸಿದಂತೆ ನಟಿಸಿ ಹೇಳಿದೆ: "ಅದು ಮಾಡಿದ್ದು. ನೀವು ಉಂಡಿದ್ದು ಹೇಳ್ರಿ."

ಅವರು ನಗಲಿಲ್ಲ. "ತಡಿ" ಎಂದು ಹಣೆ ಉಜ್ಜಿಕೊಂಡರು. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಹೆಣಗಿದರು. ಕೊನೆಗೆ, "ಗೊತ್ತಾಗವಲ್ದವಾ" ಎಂದರು.

ಊಟದ ಗಂಟೆ ಹೊಡೆಯಿತು. ಮೇಡಂ ಬೀಗದ ಕೈ ಹಿಡಿದು ಒಳಗೆ ಹೋದರು. ನಾನು ಅಲ್ಲೇ ಕೂತೆ. ಹುಡುಗಿಯರು ಉಂಡರು, ಅಡುಗೆಯವರು ಉಂಡರು, ನೆಲ ಒರೆಸಿದರು, ತೊಳೆದ ತಟ್ಟೆಗಳನ್ನು ಜೋಡಿಸಿಟ್ಟರು. ಮೇಡಂ ತಟ್ಟೆ ಹಿಡಿಯಲಿಲ್ಲ. ನನ್ನ ಬಸ್ಸು ಹೋಯಿತು. ಮೇಡಂ ದಾಸ್ತಾನು ಕೋಣೆಗೆ ಬೀಗ ಹಾಕಿ, ಎಳೆದು ನೋಡಿ, ತಿರುಗಿ ನನ್ನನ್ನು ಕಂಡರು.

"ಇನ್ನೂ ಯಾಕ ಕುಂತೀ ಶಬಾನಾ?" ಎಂದು ಕೇಳಿದರು.