ಹೆಸರಿಗೆ ಮಾತ್ರ ಅವಳವು

ಅವಳಿಗೆ ಆಫೀಸಿನಲ್ಲಿ ‘ಆರಿಸಮ್ಮ’ ಅಂತ ಹೆಸರು ಬಿದ್ದದ್ದು ದೀಪ ಆರಿಸಿದ್ದಕ್ಕಲ್ಲ. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಹಲ್ಲಿನ ಡಾಕ್ಟರುಗಳಿಗೆ ರೋಗಿಗಳ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಪುಟ್ಟ ಕಂಪನಿ ಅದು. ಅವರ ದೊಡ್ಡ ಕಂಪ್ಯೂಟರುಗಳು ಅಲ್ಲಿರಲಿಲ್ಲ, ಕ್ಲೌಡಿನಲ್ಲಿದ್ದವು. ಅಂದರೆ ಯಾರದೋ ಕಟ್ಟಡದಲ್ಲಿ, ಬಾಡಿಗೆಗೆ. ಒಂದು ಕ್ಲಿಕ್ಕಿಗೆ ಹೊಸ ಯಂತ್ರ ಎದ್ದು ನಿಲ್ಲುತ್ತದೆ. ಎಬ್ಬಿಸಿದವರು ಮರೆತು ಮನೆಗೆ ಹೋದರೂ ಮೀಟರು ಮಾತ್ರ ಮನೆಗೆ ಹೋಗುವುದಿಲ್ಲ. ಹಾಗೆ ಬಿಟ್ಟುಹೋದವನ್ನು ಹುಡುಕಿ ಆರಿಸುವ ಕೆಲಸವನ್ನು ತಾನಾಗಿ ಆರಿಸಿಕೊಂಡ ಇಂಜಿನಿಯರು ಇವಳು.

ಅದಕ್ಕೊಂದು ನಿಯಮವನ್ನೂ ಮಾಡಿದ್ದಳು. “ಯಂತ್ರ ಯಾರಿಗೆ ಬೇಕೋ ಅವರ ಹೆಸರು ಅದರ ಮೇಲಿರಬೇಕು. ಹೆಸರಿಲ್ಲದ್ದನ್ನ ನಾನು ಆರಿಸ್ತೀನಿ.” ಎಲ್ಲರೂ ತಲೆಯಾಡಿಸಿದ್ದರು. ಅಷ್ಟು ಸಲೀಸಾಗಿ ತಲೆಯಾಡಿಸಿದಾಗಲೇ ಅನುಮಾನ ಬರಬೇಕಿತ್ತು.

ಒಂದು ದಿನ ಮೀಟಿಂಗಿನಲ್ಲಿ ಯಜಮಾನರು ಯಾರ ಹೆಸರಿನ ಯಂತ್ರಗಳಿಗೆ ಎಷ್ಟು ಖರ್ಚು ಅನ್ನುವ ಕಂಬಗಳ ಚಿತ್ರವನ್ನು ಗೋಡೆಯ ಮೇಲೆ ಬಿಟ್ಟರು. ಎಲ್ಲಕ್ಕಿಂತ ಎತ್ತರದ ಕಂಬ ಆರಿಸಮ್ಮನ ಹೆಸರಲ್ಲಿ!

“ಏನ್ ಮೇಡಂ, ಉಳಿತಾಯದ ಪಾಠ ಹೇಳೋರೇ ಹೀಗಾ? ಮುಂದಿನ ವಾರದಿಂದ ಯಂತ್ರಗಳ ಉಸಾಬರಿ ಬೇರೆಯವರಿಗಿರಲಿ. ನೀವು ಡಾಕ್ಟರುಗಳ ದೂರಿನ ಫೋನ್ ಎತ್ತಿ.”

“ಅವು ನನ್ನವಲ್ಲ ಸಾರ್!”

“ಹೆಸರು ನಿಮ್ಮದೇ ಇದೆಯಲ್ಲ.”

ಹೊರಗೆ ಬಂದಮೇಲೆ ಟೆಸ್ಟಿಂಗ್ ಮಾಡುವವನು ಹತ್ತಿರ ಬಂದು ಪಿಸುಗುಟ್ಟಿದ. “ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಮ್ಮ ಹೆಸರು ಹಾಕಿದ್ರೆ ನೀವು ಬಂದು ಇನ್ನೂ ಬೇಕಾ, ಇನ್ನೂ ಬೇಕಾ ಅಂತ ಪ್ರಾಣ ತಿಂತೀರ. ನಿಮ್ಮ ಹೆಸರು ಹಾಕಿದ್ರೆ ಯಾರೂ ಕೇಳಲ್ಲ.”

“ಎಲ್ಲರೂ ಹೀಗೇ ಮಾಡಿದ್ದೀರಾ?”

“ಎಲ್ಲರೂ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಇವರ ಮರೆವನ್ನು ಬೆನ್ನಟ್ಟಿದ್ದಕ್ಕೆ ಸಿಕ್ಕ ಬಹುಮಾನ ಫೋನ್ ಎತ್ತುವ ಕೆಲಸ! ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಅತ್ತೆಯ ಮುಂದೆ ಎಲ್ಲ ಒದರಿದಳು. ಅತ್ತೆ ಕನ್ನಡಕ ಏರಿಸಿಕೊಂಡರು.

“ನನ್ನ ಮಗನ ಹೆಸರಲ್ಲಿ ಒಂದು ಸೈಕಲ್ಲೂ ಇಲ್ಲ. ನಿನ್ನ ಹೆಸರಲ್ಲಿ ಅಷ್ಟೊಂದು ಯಂತ್ರಾನಾ? ಯೋಗ ಬಂತಲ್ಲೇ ನಿನಗೆ!”

“ತಮಾಷೆ ಮಾಡಬೇಡಿ ಅತ್ತೆ. ಹೆಸರಿಗೆ ಮಾತ್ರ ನನ್ನವು,” ಅಂದವಳು ಅಲ್ಲೇ ನಿಂತುಬಿಟ್ಟಳು. ಹೆಸರಿಗೆ ತಾನೇ? ಇರಲಿ.

ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ತನ್ನ ಹೆಸರಿನ ಅಷ್ಟೂ ಯಂತ್ರಗಳನ್ನು ಆರಿಸಿ ಕೂತಳು. ಡಾಕ್ಟರುಗಳು ಬಳಸುತ್ತಿದ್ದವು ಕಂಪನಿಯ ಹೆಸರಲ್ಲಿದ್ದವು; ಅವನ್ನು ಮುಟ್ಟಲಿಲ್ಲ.

“ಅಕ್ಕಾ, ನನ್ನದು ಸತ್ತೋಯ್ತು!” ಟೆಸ್ಟಿಂಗ್‌ನವನು ಓಡಿಬಂದ.

“ನಿನ್ನದಾ? ಯಾರ ಹೆಸರಿದೆ?”

“...ನಿಮ್ಮದು.”

“ನನ್ನದನ್ನ ನಾನು ಆರಿಸಿದೆ. ನಿನಗೇನಪ್ಪ ಸಂಕಟ?”

ಅವನು ತೆಪ್ಪಗೆ ತನ್ನ ಹೆಸರು ಹಾಕಿಕೊಂಡ. ಹಿಂದೆಯೇ ಉಳಿದವರೂ ಬಂದರು. ಕೊನೆಗೆ ಗಾಜಿನ ಬಾಗಿಲು ತಳ್ಳಿಕೊಂಡು ಯಜಮಾನರೇ ಬಂದರು.

“ಬಂಡವಾಳ ಹಾಕೋರಿಗೆ ತೋರಿಸೋ ಡೆಮೊ ಯಾಕೆ ಏಳ್ತಿಲ್ಲ?”

ಆ ಎತ್ತರದ ಕಂಬದಲ್ಲಿ ಅರ್ಧಕ್ಕರ್ಧ ನುಂಗಿದ್ದ ಯಂತ್ರ ಅದು. ಬಂಡವಾಳದವರು ಬರುವುದು ಯಾವಾಗಲೋ. ಅದು ಮಾತ್ರ ಹಗಲೂ ರಾತ್ರಿ ಉರಿಯುತ್ತಿತ್ತು.

“ಅದು ಯಾರದ್ದು ಸಾರ್?”

“ನಂದು ಮೇಡಂ!” ಅಂದುಬಿಟ್ಟರು. “ಅಂದರೆ... ಆವತ್ತು ಅವಸರದಲ್ಲಿ...”

“ಅವಸರ ನಿಮ್ಮದು, ಹೆಸರು ನನ್ನದು. ಮೊದಲು ಹೆಸರು ತಿದ್ದಿ. ಆಮೇಲೆ ನಿನ್ನೆ ಹೇಳಿದ್ದನ್ನ ವಾಪಸ್ ತಗೊಳ್ಳಿ.”

“ಎಲ್ಲರ ಮುಂದೇನಾ?”

“ಹೇಳಿದ್ದೂ ಎಲ್ಲರ ಮುಂದೆ ತಾನೆ?”

ಯಜಮಾನರು ಹೆಸರು ತಿದ್ದಿ, ಗಂಟಲು ಸರಿಮಾಡಿಕೊಂಡು, ತಪ್ಪು ತಮ್ಮದೆಂದೂ ಯಂತ್ರಗಳ ಉಸ್ತುವಾರಿ ಮೇಡಂ ಅವರದ್ದೇ ಎಂದೂ ಹೇಳಿದರು. ನಿನ್ನೆ ಇದ್ದ ಧ್ವನಿ ಎಲ್ಲಿ ಹೋಗಿತ್ತೋ, ಹಿಂದಿನ ಸಾಲಿಗೆ ಕೇಳಿಸಲಿಲ್ಲ.

“ಇನ್ನೊಂದ್ಸಲ ಹೇಳಿ ಸಾರ್,” ಅಂದಳು. ಹೇಳಿದರು. ಆಮೇಲೆ ಡೆಮೊ ಎಬ್ಬಿಸಿಕೊಟ್ಟಳು.

ಸಂಜೆಯವರೆಗೂ ಯಾರೂ ಕೇಳಿಕೊಂಡು ಬಾರದ ಯಂತ್ರಗಳೇ ಹೆಚ್ಚು ಉಳಿದವು. ಅವನ್ನೆಲ್ಲ ಬೇರುಸಹಿತ ಅಳಿಸುತ್ತ ಕೂತಿದ್ದಾಗ ಟೆಸ್ಟಿಂಗ್‌ನವನು ಕಾಫಿ ತಂದಿಟ್ಟು ಕೇಳಿದ: “ಕೋಪ ಹೋಯ್ತಾ ಅಕ್ಕಾ?”

“ಇಲ್ಲ,” ಅಂದಳು. ಕಾಫಿ ಮಾತ್ರ ಕುಡಿದಳು.