ಸಮುದ್ರದ ಮೇಲೆ ಹದಿನಾಲ್ಕು ನಿಮಿಷ

ಹನ್ನೊಂದು ವರ್ಷಗಳ ಹಿಂದಿನ ಮಳೆಗಾಲ. ಬೀದರದ ನೌಬಾದಿನವನಾದ ನಾನು ಆಗ ಮುಂಬೈ ಕಡಲಾಚೆಯ ತೈಲಬಾವಿಗಳಿಗೆ ಹೆಲಿಕಾಪ್ಟರ್ ಹಾರಿಸುವ ಸೀನಿಯರ್ ಕ್ಯಾಪ್ಟನ್. ಕೋ-ಪೈಲಟ್ ಸುರೇಖಾ ಭಾಲ್ಕಿಯವಳು, ಸೇರಿ ಐದು ತಿಂಗಳಾಗಿತ್ತು.

ಮಧ್ಯಾಹ್ನ ಕರೆ ಬಂತು. ತೈಲ ತೆಗೆಯುವ ರಿಗ್‌ನಲ್ಲಿ ಪೈಪು ಬಿದ್ದು ವೆಲ್ಡರ್ ಒಬ್ಬನ ತೊಡೆ ಜಜ್ಜಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಹೆಸರು ಸಂಗಪ್ಪ, ಊರು ಔರಾದ ತಾಲೂಕಿನ ಚಿಂತಾಕಿ. ನಮ್ಮದೇ ಬೀದರ ಜಿಲ್ಲೆಯವನೆಂದು ತಿಳಿದು ನಾವಿಬ್ಬರೂ ಮುಖ ನೋಡಿಕೊಂಡೆವು.

ರಿಗ್ ಹತ್ತಿರ ಮಳೆ, ಮಂಜು. ಮುನ್ನೂರು ಅಡಿಯಲ್ಲಿ ಎತ್ತರ ಕಾಯುವ ಕೆಲಸವನ್ನಷ್ಟೇ ಆಟೋಪೈಲಟ್‌ಗೆ ಒಪ್ಪಿಸಿದ್ದೆ. ಎಂಜಿನ್ನಿನ ಬಲ ಹೆಚ್ಚು ಕಡಿಮೆ ಮಾಡುವ ಕಲೆಕ್ಟಿವ್ ಲಿವರ್ ನನ್ನ ಕೈಯಲ್ಲಿತ್ತು. ವೇಗ ತಗ್ಗಿಸಲು ಅದನ್ನು ಇಳಿಸಿದವನು, ಇಳಿಯಬೇಕಾದ ಡೆಕ್ಕಿನ ದೀಪ ಹುಡುಕುತ್ತಾ ಮತ್ತೆ ಏರಿಸುವುದನ್ನೇ ಮರೆತೆ. ಎತ್ತರ ಉಳಿಸಲು ಯಂತ್ರ ಮೂತಿ ಎತ್ತುತ್ತಲೇ ಹೋಯಿತು; ವೇಗ ಎಂಬತ್ತು ನಾಟ್‌ನಿಂದ ಮೂವತ್ತಕ್ಕೆ ಕುಸಿಯಿತು. ನಾನು ಹೊರಗೇ ನೋಡುತ್ತಿದ್ದೆ.

"ಸರ್, ಸ್ಪೀಡ್ ಇಲ್ರಿ. ಬೀಳಾಕತ್ತೀವ್ರಿ." ಸುರೇಖಾ ಕೂಗಿದಳು.

ಲಿವರ್ ಮೇಲಕ್ಕೆಳೆದು ಮೂತಿ ತಗ್ಗಿಸಿದೆ. ಮತ್ತೆ ಮೇಲೇಳುವಾಗ ಅಲೆಗಳಿಗೂ ನಮಗೂ ತೊಂಬತ್ತೇ ಅಡಿ ಅಂತರವಿತ್ತು. ಇಂಧನ ಇನ್ನೊಂದೇ ಪ್ರಯತ್ನಕ್ಕೆ ಸಾಲುತ್ತಿತ್ತು. ಈ ಸಲ ಸುರೇಖಾ ಮೀಟರುಗಳ ಮೇಲೇ ಕಣ್ಣಿಟ್ಟು ಹಾರಿಸಿದಳು. ಹೊರಗೆ ನೋಡುವ ಕೆಲಸವಷ್ಟೇ ನನ್ನದು. ಡೆಕ್ ಕಂಡಾಗ ನಾನು ಕಂಟ್ರೋಲ್ ತೆಗೆದುಕೊಂಡು ಇಳಿಸಿದೆ. ಹದಿನಾಲ್ಕು ನಿಮಿಷ ತಡವಾಗಿತ್ತು.

ಹತ್ತಿಸಿಕೊಂಡು ಮರಳುವಾಗ, ದಡ ಕಾಣುವ ಮೊದಲೇ ಸಂಗಪ್ಪ ತೀರಿಕೊಂಡ. ಆ ಹದಿನಾಲ್ಕು ನಿಮಿಷ ತಡವಾಗದಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು.

ತಿಂಗಳ ನಂತರ ಚಿಂತಾಕಿಗೆ ಹೋದೆ. ಸಂಗಪ್ಪನ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತಳು. ಮೊದಲ ಸಲ ಇಳಿಯಲಾಗಲಿಲ್ಲವೆಂದು ಕಂಪನಿಯವರು ಅವಳಿಗೆ ಹೇಳಿದ್ದರು; ಆಗಲೇ ಇಳಿದಿದ್ದರೆ ಗಂಡ ಉಳಿಯುತ್ತಿದ್ದನೇ ಎಂದು ಕೇಳಿದಳು.

"ಆಗ ಇಳಿಯಾಕತ್ತಿದ್ದಿಲ್ಲ ತಂಗಿ, ಬೀಳಾಕತ್ತಿದ್ವಿ. ತಪ್ಪು ನಂದೇ." ನಡೆದದ್ದನ್ನೆಲ್ಲ ಹೇಳಿದೆ.

ಅವಳು ಖಾಲಿ ಲೋಟ ಎತ್ತಿಕೊಂಡಳು. ಆಮೇಲೆ ಕೇಳಿದಳು: "ಆ ಹುಡುಗಿ ಮೊದಲೇ ಯಾಕ ಹೇಳಲಿಲ್ರಿ?"

ಅದನ್ನೇ ನಾನೂ ಸುರೇಖಾಳನ್ನು ಕೇಳಿದ್ದೆ. ವೇಗ ಅರವತ್ತಕ್ಕೆ ಇಳಿದಾಗಲೇ ಕಂಡಿದ್ದಳಂತೆ. ನಾನು ಬೈಯುತ್ತೇನೆಂದು ಬಾಯಿ ಬಿಟ್ಟಿರಲಿಲ್ಲ. ಆ ಉತ್ತರವನ್ನು ಚಿಂತಾಕಿಯಲ್ಲಿ ಹೇಳುವುದು ನನ್ನಿಂದಾಗಲಿಲ್ಲ.

ಆಟೋಪೈಲಟ್ ವಹಿಸಿದ ಕೆಲಸವನ್ನಷ್ಟೇ ಮಾಡುತ್ತದೆ, ಉಳಿದದ್ದನ್ನು ಪಕ್ಕದಲ್ಲಿರುವ ಮನುಷ್ಯ ಹೇಳಬೇಕು. ಅವರು ಹೆದರದೆ ಹೇಳುವಂತೆ ನಡೆದುಕೊಳ್ಳುವುದೂ ಕ್ಯಾಪ್ಟನ್‌ನ ಕೆಲಸವೇ ಎಂಬುದನ್ನು ನಾನು ಕಲಿಯುವಷ್ಟರಲ್ಲಿ ಚಿಂತಾಕಿಯ ಒಂದು ಮನೆಗೆ ತಡವಾಗಿತ್ತು.