ಎಣಿಸದೆ ಬಿಟ್ಟ ಎಸೆತಗಳು

ಅಂಬತ್ತೂರಿನ ಕಾರ್ಖಾನೆಯೊಂದರ ಅಳತೆ ಕೋಣೆಯಲ್ಲಿ ವೀಕ್ಷಾಗೆ ಕೆಲಸ. ಕಡೆದು ಬಂದ ಉಕ್ಕಿನ ದಂಡ ಮಿಲಿಮೀಟರಿನ ನೂರನೇ ಒಂದು ಪಾಲು ಹೆಚ್ಚಿದ್ದರೂ ಅವಳು ಅದನ್ನು ಹಿಂದಕ್ಕೆ ಕಳಿಸುತ್ತಾಳೆ. ಭಾನುವಾರ ಮಾತ್ರ ಆ ಕೈಗೆ ಬೇರೆ ಕೆಲಸ. ಮಾಧವರಂ ಬಳಿಯ ಮೈದಾನದಲ್ಲಿ ಬೇಸ್‌ಬಾಲ್ ಆಡುವ ಹೆಂಗಸರ ಕ್ಲಬ್ಬಿಗೆ ಅವಳು ರಿಲೀಫ್ ಪಿಚರ್. ಆಟ ಶುರು ಮಾಡಿದವಳು ದಣಿದ ಮೇಲೆ ನಡುವೆ ಬಂದು ಚೆಂಡು ಎಸೆಯುವವಳು.

ಮೊದಲ ವರ್ಷ ಸೋಲುವ ಆಟಗಳಿಗಷ್ಟೇ ಕರೆ. ಎರಡನೇ ವರ್ಷ ಐದನೇ ಇನಿಂಗ್ಸ್, ಆಮೇಲೆ ಆರನೆಯದು. ಆಟಕ್ಕಿರುವುದು ಏಳು. ಮುನ್ನಡೆ ಕೈಬಿಡದಂತೆ ಕೊನೆಯ ಮೂರು ಔಟ್ ತೆಗೆದು ಆಟ ಮುಗಿಸಿಕೊಡುವವಳಿಗೆ ಕ್ಲೋಸರ್ ಎಂದು ಹೆಸರು. ಆ ಜಾಗದಲ್ಲಿದ್ದ ಅಶ್ವಿತಾ ಈ ಜನವರಿಯಲ್ಲಿ ಮದುವೆಯಾಗಿ ಮಸ್ಕತ್‌ಗೆ ಹೋದಳು. ಮುಂದೆ ಯಾರು ಎಂದು ಕೇಳಿದರೆ ಕೋಚ್ ಹರಿಹರ "ಪಾಕ್ಕಲಾಂ" ಎಂದಷ್ಟೇ ಹೇಳಿದರು. ನೋಡೋಣ ಎಂಬ ಆ ಮಾತು ವೀಕ್ಷಾಗೆ ಆಸೆ ಇಟ್ಟುಕೊಳ್ಳಲು ಸಾಕಾಗಿತ್ತು.

ಅವಳ ಚೆಂಡು ಹಿಡಿಯುವವಳು ತೃಪ್ತಿ, ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡ ಮನೆಯ ಹುಡುಗಿ. ಎದುರಾಳಿಗಳಿಗೆ ತಿಳಿಯದಿರಲೆಂದು ಇಬ್ಬರೂ ಮೈದಾನದಲ್ಲಿ ಕನ್ನಡದಲ್ಲೇ ಉಪಾಯ ಹೂಡುತ್ತಿದ್ದರು. ಕೋಚಿಗೂ ಅದು ಅರ್ಥವಾಗುತ್ತಿರಲಿಲ್ಲ.

ಒಂದು ಆಟಕ್ಕೆ ನಲವತ್ತೈದು ಎಸೆತ ಮೀರಬಾರದು ಎಂಬುದು ಕ್ಲಬ್ಬಿನ ನಿಯಮ. ವೀಕ್ಷಾ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದಳು: ಮೂವತ್ತೆಂಟು, ನಲವತ್ತೊಂದು, ಮೂವತ್ತಮೂರು. ಮಾರ್ಚಿನಲ್ಲಿ ಮೊಣಕೈ ಒಳಬದಿ ನೋಯತೊಡಗಿ, ಕಿರುಬೆರಳು ಜೋಮುಗಟ್ಟಿದಾಗ ಅದೇ ಪುಸ್ತಕವನ್ನು ಡಾಕ್ಟರ ಮುಂದೆ ಇಟ್ಟಳು. ಡಾಕ್ಟರು ಸ್ಕ್ಯಾನ್ ನೋಡಿದರು, ಪುಸ್ತಕ ನೋಡಿದರು.

"ಇದೆಲ್ಲ ಆಟದೊಳಗಿನವು. ಬೇಲಿ ಪಕ್ಕದಲ್ಲಿ ಎಸೆದದ್ದು?"

ವೀಕ್ಷಾ ಪುಸ್ತಕ ಮುಚ್ಚಿದಳು. ಮೂರನೇ ಇನಿಂಗ್ಸಿನಲ್ಲಿ ಕೋಚ್ ರೆಡಿಯಾಗಲು ಹೇಳುತ್ತಾರೆ. ಬೇಲಿ ಪಕ್ಕ ನಿಂತು ಕೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಕೂರಲು ಹೇಳುತ್ತಾರೆ. ನಾಲ್ಕನೆಯದರಲ್ಲಿ ಮತ್ತೆ ಎದ್ದು ನಿಲ್ಲಬೇಕು. ಮೆಲ್ಲಗೆ ಎಸೆದರೆ ಸಾಕಿತ್ತು. ಹರಿಹರರ ಕಣ್ಣಿಗೆ ಬೀಳಲೆಂದು ಅವಳು ಒಂದೊಂದನ್ನೂ ಪೂರ್ತಿ ಬಲದಿಂದ ಎಸೆದಿದ್ದಳು. ಒಂದನ್ನೂ ಎಣಿಸಿರಲಿಲ್ಲ.

ಮೊಣಕೈ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಅರ್ಧ ಹರಿದಿತ್ತು. ಆರು ತಿಂಗಳು ಚೆಂಡು ಮುಟ್ಟಬಾರದು. ಹಳೆಯ ವೇಗ ಮರಳುವ ಭರವಸೆಯಿಲ್ಲ.

ಮನೆಯಲ್ಲಿ ಅಪ್ಪನೊಬ್ಬನಿಗೆ ಹೇಳಿದಳು. ಕೃಷ್ಣರಾಜ ಕುಂದಾಪುರದಿಂದ ಬಂದು ಮೂವತ್ತು ವರ್ಷದಿಂದ ಹೋಟೆಲಿನಲ್ಲಿ ಕಾಫಿ ಬೆರೆಸುತ್ತಿರುವವನು.

"ಡಿಕಾಕ್ಷನ್ ನಾಲ್ಕ್ ಸಲ ಕಾಯ್ಸಿರೆ ಎಂತ ಆತ್ತ್ ಮಗಾ? ಹಾಳಾತ್ತ್ ಅಲ್ದಾ? ನನ್ನತ್ರ ಒಂದ್ ಮಾತ್ ಕೇಣೂಕಾಗ್ದಾ?"

"ಅಪ್ಪಾ, ನಾನೇನು ಕಾಫಿಯಾ? ವಿಡುಪ್ಪಾ." ಬಿಡಪ್ಪಾ ಎಂದು ತಮಿಳಿನಲ್ಲಿ ಮಾತು ತೇಲಿಸಿದಳು.

ಅವನು ನಗಲಿಲ್ಲ. ಅವಳ ಮೊಣಕೈಯನ್ನು ಅಂಗೈಯಲ್ಲಿ ಹಿಡಿದು ಕೂತ. "ಕೋಚಿಗೆ ಹೇಳ್" ಎಂದ. ಅವಳು ಹೇಳಲಿಲ್ಲ. ಹತ್ತು ದಿನಕ್ಕೆ ಫೈನಲ್ ಇತ್ತು.

ಫೈನಲಿನಲ್ಲಿ ಆರು ಇನಿಂಗ್ಸ್ ಮುಗಿದಾಗ ಇವರು ಒಂದು ರನ್ ಮುಂದಿದ್ದರು. ಹರಿಹರ ಚೆಂಡು ತಂದು ಅವಳ ಕೈಯಲ್ಲಿಟ್ಟು, ಏಳನೆಯದು ನಿನ್ನದು, ಇನ್ನು ಮೇಲೆ ಯಾವಾಗಲೂ ನಿನ್ನದೇ ಎಂದರು. ಎರಡು ವರ್ಷ ಕಾದ ಮಾತು.

ಬೇಲಿ ಪಕ್ಕ ಮೂರು ಎಸೆತ ಹೇಗೋ ಹೋದವು. ನಾಲ್ಕನೆಯದು ತೃಪ್ತಿಯ ಗ್ಲೌಸಿಗೆ ಎರಡು ಮೀಟರ್ ಮುಂಚೆಯೇ ನೆಲಕ್ಕೆ ಬಿತ್ತು. ತೃಪ್ತಿ ಮುಖಗವಸು ಸರಿಸಿ ಬಂದಳು. ಕೋಚ್ ಪಕ್ಕದಲ್ಲೇ ನಿಂತಿದ್ದರು.

"ಏನು ಡೀ ಇದು? ಪಾಪುಗೆ ಎಸೆದ ಹಾಗೆ."

"ಕೈ ಹೋಗಿದೆ ತೃಪ್ತಿ. ಹರಿದಿದೆ. ಸರ್‌ಗೆ ಹೇಳ್ಬೇಡ. ಮೂರು ಔಟ್ ಅಷ್ಟೇ."

"ಗೊತ್ತಾಗಿ ಎಷ್ಟು ದಿನ ಆಯ್ತು?"

"ಹತ್ತು."

ತೃಪ್ತಿಯ ಮುಖ ಕೆಂಪಾಯಿತು. "ನಾನು ಹೇಳೋದಿಲ್ಲ. ಆದರೆ ನಿನ್ನ ಚೆಂಡಿಗೆ ಗ್ಲೌಸೂ ಹಿಡಿಯೋದಿಲ್ಲ. ಇನ್ನು ಸಮಾಳಿಸಿ ಮುಚ್ಚಿಡಬೇಡ. ನೀನೇ ಹೇಳು."

"ಎನ್ನಾಚ್ಚು?" ಏನಾಯಿತೆಂದು ಕೋಚ್ ಇಬ್ಬರನ್ನೂ ನೋಡಿದರು.

ಏನೂ ಇಲ್ಲ ಎಂದರೆ ಅವರು ನಂಬುತ್ತಿದ್ದರು. ಇಷ್ಟು ದಿನ ನಂಬಿದ್ದರು. ವೀಕ್ಷಾ ಚೆಂಡಿನ ಹೊಲಿಗೆಯ ಮೇಲೆ ಬೆರಳಿಟ್ಟಳು. ಕಿರುಬೆರಳಿಗೆ ಅದು ತಾಗಿದ್ದು ತಿಳಿಯಲಿಲ್ಲ.

"ವೇಣಾಂ ಸಾರ್," ಎಂದಳು. "ಎನ್ನಾಲೆ ಮುಡಿಯಾದು." ಬೇಡ ಸಾರ್, ನನ್ನಿಂದ ಆಗುವುದಿಲ್ಲ.

ಹರಿಹರ ಅವಳ ಮೊಣಕೈ ನೋಡಿದರು, ಬಯ್ಯಲಿಲ್ಲ. ತಿರುವೊಟ್ಟಿಯೂರಿನ ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ಕರೆದು ಚೆಂಡು ಕೊಟ್ಟರು. ಆ ಹುಡುಗಿ ಎದುರಾಳಿಗಳಲ್ಲಿ ಇಬ್ಬರನ್ನು ಬೇಸ್ ತಲುಪಲು ಬಿಟ್ಟಳು, ಆಮೇಲೆ ಹೆದರುತ್ತಲೇ ಮೂರು ಔಟ್ ತೆಗೆದು ಆಟ ಗೆಲ್ಲಿಸಿದಳು. ಎಲ್ಲರೂ ಅವಳ ಕಡೆ ಓಡಿದರು. ತೃಪ್ತಿಯೇ ಮೊದಲು ತಲುಪಿ ಅವಳನ್ನು ಎತ್ತಿಕೊಂಡಳು.

ಬೆಂಚಿನಲ್ಲಿ ಉಳಿದಿದ್ದ ವೀಕ್ಷಾ ಚಪ್ಪಾಳೆ ತಟ್ಟಲು ಹೋದಳು. ನೋವು ಭುಜದವರೆಗೆ ಏರಿತು. ಆಮೇಲೆ ಎಡಗೈಯಿಂದ ತೊಡೆಯನ್ನು ತಟ್ಟತೊಡಗಿದಳು. ಅವರೆಲ್ಲ ಒಬ್ಬರನ್ನೊಬ್ಬರು ಬಿಡುವವರೆಗೂ ತಟ್ಟಿದಳು.